ಅವರೆಕಾಯಿ ಕಾಲಕ್ಕೆ ಓಂಕಾಳು, ಬೀಗರೂಟಕ್ಕೆ ಶುಂಠಿ

ಸೊಗಡಿನ ಅವರೆಕಾಯಿ ಹಾಸನದ ಮಾರುಕಟ್ಟೆಗೆ ಬಂತು ಅಂದರೆ ನಮ್ಮ ಅಂಗಡಿಯ ಓಂಕಾಳಿನ ಡಬ್ಬ ಬೇಗ ಬೇಗ ಖಾಲಿಯಾಗುತ್ತದೆ. ಅಪ್ಪ ಗಲ್ಲಾ ಮೇಲೆ ಕೂರುತ್ತಿದ್ದ ಕಾಲದಿಂದ ಇದನ್ನು ನೋಡುತ್ತಾ ಬಂದಿದ್ದೇನೆ. ನಮ್ಮದು ಗ್ರಂಧಿಗೆ ಅಂಗಡಿ. ಕಟ್ಟಿನಕೆರೆ ಮಾರುಕಟ್ಟೆಯಿಂದ ತರಕಾರಿ ಚೀಲ ಹಿಡಿದುಕೊಂಡೇ ನಡೆದು ಬರಬಹುದು, ಅಷ್ಟು ಹತ್ತಿರ. ಒಂದು ಕಡೆ ಅರಿಶಿನ, ಕುಂಕುಮ, ಕರ್ಪೂರ, ಗೆಜ್ಜೆವಸ್ತ್ರ. ಇನ್ನೊಂದು ಕಡೆ ಅಳಲೆಕಾಯಿ, ಹಿಪ್ಪಲಿ, ಬಜೆ, ಜಾಯಿಕಾಯಿ, ಜೇಷ್ಠಮಧು, ಒಣಶುಂಠಿ. ಪೂಜೆ ಸಾಮಾನಿಗೆ ಬಂದವರೂ ಹೋಗುವಾಗ ಹೊಟ್ಟೆಯ ಸಮಾಚಾರ ಹೇಳಿಯೇ ಹೋಗುತ್ತಾರೆ.

"ಶೆಟ್ರೆ, ಹೊಟ್ಟೆ ಉಬ್ಬರಿಸ್ಕೊಂಡೈತೆ. ಏನಾದ್ರೂ ಕೊಡಿ."

ನಾನು ಮೊದಲು ಕೇಳುವುದು ಒಂದೇ ಮಾತು. "ರಾತ್ರಿ ಏನ್ ಉಂಡ್ರಿ?"

ಅದು ಗೊತ್ತಾಗದೆ ಯಾವ ಡಬ್ಬಕ್ಕೂ ಕೈ ಹಾಕುವುದಿಲ್ಲ. ಈಗೆಲ್ಲ ಫೋನಿಗೆ ಒಂದು ಪಟ್ಟಿ ಬರುತ್ತದೆ ನೋಡಿ, ಊಟ ಆದಮೇಲೆ ಇವನ್ನು ತಿನ್ನಿ, ಜೀರ್ಣ ಆಗುತ್ತೆ ಅಂತ. ಜೀರಿಗೆ, ಸೋಂಪು, ಏಲಕ್ಕಿ, ಶುಂಠಿ, ವೀಳ್ಯದೆಲೆ, ಎಲ್ಲವೂ ಒಂದೇ ಸಾಲಿನಲ್ಲಿ. ಯಾವ ಊಟಕ್ಕೆ ಯಾವುದು ಅನ್ನುವುದೇ ಅಲ್ಲಿ ಇರುವುದಿಲ್ಲ. ನಮ್ಮ ಹಿರಿಯರು ಹಾಗೆ ಮಾಡುತ್ತಿರಲಿಲ್ಲ. ಉಂಡದ್ದು ನೋಡಿ ಮೇಲಿನದ್ದು ಕೊಡುತ್ತಿದ್ದರು. "ಹಸಿದು ಹಲಸು, ಉಂಡು ಮಾವು" ಅನ್ನುವ ಗಾದೆಯಲ್ಲೂ ಇರುವುದು ಇದೇ ಲೆಕ್ಕ. ನಾನು ಡಾಕ್ಟರ್ ಅಲ್ಲ, ಅಳಲೆಕಾಯಿ ಪಂಡಿತನೂ ಅಲ್ಲ. ಅಳಲೆಕಾಯಿ ಮಾರುವವನಂತೂ ಹೌದು.

ಅವರೆಕಾಳಿನಿಂದಲೇ ಶುರು ಮಾಡುತ್ತೇನೆ. ಹಿತಕಿದ ಬೇಳೆ ಸಾರು, ಬಿಸಿ ಮುದ್ದೆ, ಚಳಿಗಾಲದ ರಾತ್ರಿ. ಯಾರು ಕಡಿಮೆ ತಿನ್ನುತ್ತಾರೆ ಹೇಳಿ? ಕಾಳುಗಳಲ್ಲಿ ರಾಫಿನೋಸ್, ಸ್ಟಾಕಿಯೋಸ್ ಅನ್ನುವ ಸಕ್ಕರೆಗಳಿವೆ. ಅವನ್ನು ಒಡೆಯುವ ಕಿಣ್ವ ನಮ್ಮ ಸಣ್ಣ ಕರುಳಿನಲ್ಲಿ ಇಲ್ಲ. ಹಾಗೇ ದೊಡ್ಡ ಕರುಳಿಗೆ ಇಳಿಯುತ್ತವೆ. ಅಲ್ಲಿರುವ ಬ್ಯಾಕ್ಟೀರಿಯಾಗಳಿಗೆ ಅದೇ ಹಬ್ಬದೂಟ. ಅವು ತಿಂದು ಗಾಳಿ ಬಿಡುತ್ತವೆ, ನಮಗೆ ಹೊಟ್ಟೆ ಉಬ್ಬರ.

ಓಂಕಾಳು ತಿಂದರೆ ಈ ಗಾಳಿ ಹುಟ್ಟುವುದೇ ನಿಲ್ಲುತ್ತದೆ ಅಂತ ಎಷ್ಟೋ ಜನ ತಿಳಿದಿದ್ದಾರೆ. ಅದರ ಕೆಲಸ ಬೇರೆ. ಬಿಗಿದುಕೊಂಡ ಕರುಳಿನ ಸ್ನಾಯುವನ್ನು ಅದು ಸಡಿಲ ಮಾಡುತ್ತದೆ. ಒಳಗೆ ಸಿಕ್ಕಿಕೊಂಡ ಗಾಳಿಗೆ ದಾರಿ ಸಿಗುತ್ತದೆ. ಮೇಲಿನಿಂದಲೋ ಕೆಳಗಿನಿಂದಲೋ, ಅದು ನಿಮ್ಮ ಅದೃಷ್ಟ.

ತಿನ್ನುವುದಕ್ಕೂ ಒಂದು ಕ್ರಮ ಇದೆ. ಮೂರು ಬೆರಳಿಗೆ ಬರುವಷ್ಟು ಕಾಳನ್ನು ಅಂಗೈಗೆ ಹಾಕಿಕೊಳ್ಳಿ. ಇನ್ನೊಂದು ಕೈಯ ಹೆಬ್ಬೆರಳಿನ ಬುಡದಿಂದ ಒತ್ತಿ ತಿಕ್ಕಿ. ಬೂದು ಬಣ್ಣದ ಹೊಟ್ಟು ಬಿಡುತ್ತದೆ, ಊದಿದರೆ ಹಾರಿಹೋಗುತ್ತದೆ. ಆಗ ಮೂಗಿಗೆ ಒಂದು ಖಾರದ ವಾಸನೆ ಹೊಡೆಯುತ್ತದೆ ನೋಡಿ, ಅದೇ ಥೈಮಾಲ್. ಬಾಯಿ ಮುಕ್ಕಳಿಸುವ ಔಷಧಿಗಳಿಗೂ ಇದನ್ನು ಹಾಕುತ್ತಾರೆ. ವಾಸನೆ ಬರದಿದ್ದರೆ ಕಾಳು ಹಳೆಯದು, ಅಂಗಡಿಯವನಿಗೆ ವಾಪಸ್ ಕೊಡಿ. ಎರಡು ಹರಳು ಉಪ್ಪಿನ ಜೊತೆ ಅಗಿದು ಬಿಸಿನೀರು ಕುಡಿದರೆ ಆಯಿತು. ಹಾಗೇ ನುಂಗಿದರೆ ಸುಮ್ನೆ ದಂಡ.

ನಮ್ಮ ಹೆಂಗಸರು ಇದನ್ನೆಲ್ಲ ಅಡುಗೆಯಲ್ಲೇ ಮುಗಿಸಿಬಿಟ್ಟಿದ್ದಾರೆ ಅನ್ನುವುದು ನನಗೆ ನಿಜಕ್ಕೂ ಸೋಜಿಗ. ಅವರೆಕಾಳು ಹಾಕಿದ ಅಕ್ಕಿ ರೊಟ್ಟಿಗೆ ಸಬ್ಬಸಿಗೆ ಸೊಪ್ಪು ಹಾಕುತ್ತಾರೆ. ಅವರೆಕಾಳು ಉಪ್ಪಿಟ್ಟಿಗೂ ಅಷ್ಟೇ. ಘಮಕ್ಕೆ ಅಂತ ಹಾಕುತ್ತಾರೆ, ಸರಿ. ಆದರೆ ಮಕ್ಕಳಿಗೆ ಕುಡಿಸುತ್ತಾರಲ್ಲ ಗ್ರೈಪ್ ವಾಟರ್, 1851ರಲ್ಲಿ ಇಂಗ್ಲೆಂಡಿನ ವಿಲಿಯಂ ವುಡ್‌ವರ್ಡ್ ಶುರು ಮಾಡಿದ್ದು, ಅದರಲ್ಲಿರುವುದೂ ಸಬ್ಬಸಿಗೆ ಬೀಜದ ಎಣ್ಣೆಯೇ. ಗಾಳಿ ತರುವ ಕಾಳು, ಗಾಳಿ ಇಳಿಸುವ ಸೊಪ್ಪು, ಎರಡೂ ಒಂದೇ ಕಾವಲಿ ಮೇಲೆ.

ಇನ್ನೊಂದು ವಿಷಯ. ಜೀರಿಗೆ, ಓಂಕಾಳು, ಸೋಂಪು, ಕೊತ್ತಂಬರಿ, ಸಬ್ಬಸಿಗೆ, ಇಂಗು, ಇವೆಲ್ಲ ಸಸ್ಯಶಾಸ್ತ್ರದ ಪ್ರಕಾರ ಒಂದೇ ಕುಟುಂಬದವು. ಕ್ಯಾರೆಟ್ ಕೂಡ ಇವರ ಪೈಕಿಯೇ. ಎಲ್ಲಕ್ಕೂ ಹೂವು ಬಿಡಿಸಿದ ಕೊಡೆಯ ಆಕಾರ. ಜೀರಿಗೆ, ಸೋಂಪು ನಮಗೆ ಬರುವುದು ಗುಜರಾತ್, ರಾಜಸ್ಥಾನದ ಕಡೆಯಿಂದ. ಗುಜರಾತಿನ ಉಂಝಾ ಮಾರುಕಟ್ಟೆಯಲ್ಲಿ ರೇಟ್ ಏರಿದರೆ ಹಾಸನದಲ್ಲಿ ನಮ್ಮ ಗಿರಾಕಿಗಳ ಮುಖ ಸಿಂಡರಿಸುತ್ತದೆ. ಇಂಗು ಇನ್ನೂ ದೂರದ್ದು. ಅಫ್ಘಾನಿಸ್ತಾನ, ಇರಾನ್ ಕಡೆಯ ಗಿಡದ ಬೇರಿನಿಂದ ಒಸರುವ ಅಂಟು. ನಮ್ಮ ದೇಶದಲ್ಲಿ ಹಿಮಾಚಲದ ಲಾಹೌಲ್ ಕಣಿವೆಯಲ್ಲಿ ಮೊದಲ ಸಲ ಸಸಿ ನೆಟ್ಟಿದ್ದು 2020ರ ಅಕ್ಟೋಬರ್‌ನಲ್ಲಿ. ಅಲ್ಲಿಯವರೆಗೆ ನಾವು ಸಾರಿಗೆ ಹಾಕಿದ ಇಂಗೆಲ್ಲ ಹೊರದೇಶದ್ದೇ. ಡಬ್ಬಿಯಲ್ಲಿ ಸಿಗುವುದು ಹಿಟ್ಟು, ಗೋಂದು ಸೇರಿಸಿದ ಇಂಗು. ಅಪ್ಪಟ ಇಂಗನ್ನು ಹಾಗೇ ಹಾಕಿದರೆ ಮನೆಯಲ್ಲಿ ಯಾರೂ ಊಟಕ್ಕೆ ಕೂರುವುದಿಲ್ಲ.

ಈಗ ಬೀಗರೂಟದ ವಿಷಯ. ನಮ್ಮ ಮನೆಯಲ್ಲಿ ಮಾಂಸ ಮಾಡುವುದಿಲ್ಲ. ಆದರೆ ಬೀಗರೂಟದ ಮಾರನೇ ದಿನ ಯಾರು ಎಷ್ಟು ಹೊತ್ತಿಗೆ ಬಂದು ಏನು ಕೇಳುತ್ತಾರೆ ಅನ್ನುವುದು ನನಗೆ ಚೆನ್ನಾಗಿ ಗೊತ್ತು. ಮುದ್ದೆ, ಬೋಟಿ ಗೊಜ್ಜು, ಕೈಮಾ ಉಂಡೆ, ಆಮೇಲೆ ಬಿರಿಯಾನಿ. ಎಲೆ ಎತ್ತುವ ಹೊತ್ತಿಗೆ ಮಧ್ಯಾಹ್ನ ಮೂರೂವರೆ. ಇವರದ್ದು ಅವರೆಕಾಳಿನ ಗಾಳಿ ಅಲ್ಲ. ಕೊಬ್ಬು ಜಾಸ್ತಿ ಆದರೆ ಜಠರ ನಿಧಾನವಾಗಿ ಖಾಲಿಯಾಗುತ್ತದೆ. ಸಂಜೆಯಾದರೂ ಮಧ್ಯಾಹ್ನದ ಊಟ ಎದೆಯ ಕೆಳಗೇ ಕೂತಿರುತ್ತದೆ. ಇಲ್ಲಿ ಬೇಕಾಗಿದ್ದು ಶುಂಠಿ. ಶುಂಠಿ ಜಠರವನ್ನು ಬೇಗ ಖಾಲಿ ಮಾಡಿಸುತ್ತದೆ ಅನ್ನುವುದನ್ನು ವೈದ್ಯರು ಪರೀಕ್ಷೆ ಮಾಡಿ ನೋಡಿದ್ದಾರೆ. ಒಬ್ಬಟ್ಟಿಗೆ ತುಪ್ಪ ಸುರಿದುಕೊಂಡು ತಿಂದವರಿಗೂ ಇದೇ.

ಶುಂಠಿಗೆ ನಾವು ಎಲ್ಲಿಗೂ ಹೋಗಬೇಕಿಲ್ಲ. ಬೇಲೂರು, ಆಲೂರು, ಸಕಲೇಶಪುರದ ರಸ್ತೆಯಲ್ಲಿ ಹೋದರೆ ಎರಡೂ ಕಡೆ ಶುಂಠಿ ಪಾತಿ. ಕೇರಳದಿಂದ ಬಂದು ಜಮೀನು ಗುತ್ತಿಗೆ ಹಿಡಿದು ಬೆಳೆದವರೂ ಇದ್ದಾರೆ. 2023ರಲ್ಲಿ ಬೆಲೆ ಗಗನಕ್ಕೆ ಹೋಯಿತು. ಆಗ ನಮ್ಮ ಅಂಗಡಿಗೆ ಒಣಶುಂಠಿಗೆ ಬಂದವರೂ ರೇಟ್ ಕೇಳಿ, ಮನೆಯಲ್ಲಿ ಸ್ವಲ್ಪ ಇದೆ ಬಿಡಿ ಅಂತ ಜಾಗ ಖಾಲಿ ಮಾಡುತ್ತಿದ್ದರು.

ಎಳೆ ಶುಂಠಿ ಸಿಕ್ಕರೆ ಮಾತ್ರ ಬಿಡಬೇಡಿ. ಸಿಪ್ಪೆಯನ್ನು ಚಮಚದ ಅಂಚಿನಿಂದ ಕೆರೆದು, ಹಿಂದಿರುವ ಬೆರಳು ಕಾಣಿಸುವಷ್ಟು ತೆಳ್ಳಗೆ ಹೆಚ್ಚಿ. ಉಪ್ಪು ಹಾಕಿ ನಿಂಬೆಹಣ್ಣು ಹಿಂಡಿ. ಸ್ವಲ್ಪ ಹೊತ್ತಿಗೆ ಹೋಳುಗಳಿಗೆ ನಸುಗೆಂಪು ಬಣ್ಣ ಬರುತ್ತದೆ. ಹುಳಿ ತಾಗಿದ್ದಕ್ಕೆ ಬರುವ ಬಣ್ಣ ಅದು, ಕೆಟ್ಟುಹೋಯಿತು ಅಂತ ಚೆಲ್ಲಬೇಡಿ. ಬಲಿತ ಶುಂಠಿಯಲ್ಲಿ ನಾರು ಜಾಸ್ತಿ, ಅದನ್ನು ಜಜ್ಜಿ ಕಷಾಯಕ್ಕೆ ಹಾಕುವುದೇ ಸರಿ. ಒಣಗಿದರೆ ಶುಂಠಿಯ ಖಾರ ಇನ್ನೂ ಏರುತ್ತದೆ. ಶ್ರವಣಬೆಳಗೊಳದ ಕಡೆಯ ಜೈನ ಗಿರಾಕಿಗಳು ನಮ್ಮಲ್ಲಿ ಒಣಶುಂಠಿಯನ್ನೇ ಒಯ್ಯುತ್ತಾರೆ. ನೆಲದೊಳಗೆ ಬೆಳೆಯುವ ಹಸಿಶುಂಠಿ ಅವರಿಗೆ ವರ್ಜ್ಯ, ಒಣಗಿಸಿದ್ದು ನಡೆಯುತ್ತದೆ.

ಬೀಗರೂಟ ಮುಗಿಸಿ ಸೋಡಾ ಕುಡಿಯುವವರಿಗೆ ಒಂದು ಮಾತು. ಗೋಲಿ ಸೋಡಾ ಇರಲಿ, ಪುತ್ತೂರಿನಿಂದ ಬರುವ ಬಿಂದು ಜೀರಾ ಇರಲಿ, ರುಚಿಗೆ ಕುಡಿಯಿರಿ. ನನಗೂ ಇಷ್ಟ. ಕುಡಿದ ಮೇಲೆ ಬರುತ್ತದಲ್ಲ ದೊಡ್ಡ ತೇಗು, ಅದು ಬಹುಪಾಲು ಸೋಡಾದ್ದೇ ಗಾಳಿ. ಅದನ್ನು ಕೇಳಿ ಕರಗಿತು ಅಂದುಕೊಂಡು ಇನ್ನೊಂದು ತಟ್ಟೆ ಬಿರಿಯಾನಿಗೆ ಹೋಗಬೇಡಿ.

ಮಜ್ಜಿಗೆಯಿಂದ ನನಗೆ ಏನೂ ವ್ಯಾಪಾರ ಇಲ್ಲ, ಒಗ್ಗರಣೆಯ ಇಂಗು ಬಿಟ್ಟರೆ. ಆದರೂ ಹೇಳುತ್ತೇನೆ, ದಿನನಿತ್ಯಕ್ಕೆ ಅದಕ್ಕಿಂತ ಒಳ್ಳೆಯದು ಯಾವುದೂ ಇಲ್ಲ. ಕಡೆದು ಬೆಣ್ಣೆ ತೆಗೆದದ್ದರಿಂದ ಜಿಡ್ಡು ಕಡಿಮೆ. ಹಾಲಿನ ಸಕ್ಕರೆಯಲ್ಲಿ ಸ್ವಲ್ಪ ಭಾಗವನ್ನು ಹೆಪ್ಪಿನ ಬ್ಯಾಕ್ಟೀರಿಯಾಗಳೇ ಒಡೆದಿರುತ್ತವೆ. ಹಾಲು ಕುಡಿದರೆ ಹೊಟ್ಟೆ ಗುಡುಗುಡು ಅನ್ನುವ ಎಷ್ಟೋ ಜನರಿಗೆ ಮಜ್ಜಿಗೆ ತೊಂದರೆ ಮಾಡದಿರುವುದು ಇದಕ್ಕೇ. ಮಾವಿನಕಾಯಿ ವಾಸನೆಯ ಶುಂಠಿ ಸಿಗುತ್ತದಲ್ಲ, ಮಾವಿನಶುಂಠಿ, ಅದನ್ನು ಜಜ್ಜಿ ಹಾಕಿದರೆ ಇನ್ನೇನು ಬೇಕು? ಈಗ ನಂದಿನಿ ಪ್ಯಾಕೆಟ್ಟಿನಲ್ಲೇ ಮಸಾಲೆ ಮಜ್ಜಿಗೆ ಬರುತ್ತದೆ. ಕಡೆಯಲು ಪುರುಸೊತ್ತಿಲ್ಲ ಅನ್ನುವ ನೆಪವೂ ಹೋಯಿತು.

ಇನ್ನು ಎಲೆಅಡಿಕೆ. ಇದನ್ನು ಬರೆಯುವಾಗ ಸ್ವಲ್ಪ ಕಷ್ಟವಾಗುತ್ತದೆ. ನಾನೇ ಮಾರುತ್ತೇನೆ, ಮನೆಯ ಶುಭಕಾರ್ಯ ಯಾವುದೂ ಅದಿಲ್ಲದೆ ನಡೆಯುವುದಿಲ್ಲ.

ನಮ್ಮಜ್ಜಿ ಎಲೆ ಹಾಕುವುದನ್ನು ನೋಡುವುದೇ ಒಂದು ಚೆಂದ. ಊಟ ಮುಗಿಸಿ ಪಡಸಾಲೆಯ ಕಂಬಕ್ಕೆ ಒರಗಿ ಕೂರುತ್ತಿದ್ದರು. ಸೊಂಟದಿಂದ ಸಂಚಿ ಬಿಚ್ಚುತ್ತಿದ್ದರು. ಎಲೆಯನ್ನು ಸೆರಗಿನಲ್ಲಿ ಒರೆಸಿ, ತೊಟ್ಟು ತುದಿ ಮುರಿದು, ಬೆನ್ನಿನ ನರವನ್ನು ಉಗುರಿನಲ್ಲಿ ಎಳೆದು ತೆಗೆಯುತ್ತಿದ್ದರು. ಡಬ್ಬಿಯ ಸುಣ್ಣ ತೋರುಬೆರಳಿಗೆ ಬಂದು, ಎಲೆಯ ಮೇಲೆ ಒಂದು ಸಲ ಸವರಿ, ಬೆರಳಿನಲ್ಲಿ ಉಳಿದದ್ದು ಕಂಬಕ್ಕೆ. ಹಾಗೇ ಸವರಿ ಸವರಿ ಆ ಕಂಬದ ಒಂದು ಮಗ್ಗುಲು ಬೆಳ್ಳಗೆ ದಪ್ಪಗಾಗಿತ್ತು. ಹಲ್ಲು ಹೋದ ಮೇಲೆ ಅಡಕತ್ತರಿಯ ಜಾಗಕ್ಕೆ ಕುಟ್ಟಾಣಿ ಬಂತು. ಮಧ್ಯಾಹ್ನದ ಹೊತ್ತು ಟಕ್ ಟಕ್ ಅಂತ ಸದ್ದು ಬಂದರೆ ಅಜ್ಜಿಯ ಊಟ ಆಯಿತು ಅಂತ ಲೆಕ್ಕ.

ಅಡಿಕೆ ಹಾಕಿದರೆ ತಿಂದದ್ದು ಕರಗುತ್ತದೆ ಅನ್ನುವ ಮಾತು ಪೂರ್ತಿ ಕಟ್ಟುಕಥೆ ಅಲ್ಲ. ಅಡಿಕೆಯಲ್ಲಿ ಅರೆಕೋಲಿನ್ ಅನ್ನುವ ವಸ್ತು ಇದೆ. ಅದು ಬಾಯಲ್ಲಿ ಜೊಲ್ಲು ತರಿಸುತ್ತದೆ, ಕರುಳಿಗೂ ಚುರುಕು ಮುಟ್ಟಿಸುತ್ತದೆ. ಹಿಂದೆ ನಾಯಿಗಳ ಹೊಟ್ಟೆಯ ಲಾಡಿಹುಳು ಬೀಳಿಸಲು ಪಶುವೈದ್ಯರು ಇದನ್ನೇ ಕೊಡುತ್ತಿದ್ದರು. ಅಷ್ಟು ಜೋರಾದ ಸಾಮಾನು ಅದು. ಹಾಗಾಗಿ ಊಟ ಆದಮೇಲೆ ಹಗುರಾದ ಹಾಗೆ ಅನಿಸುವುದು ನಿಜ. ಸ್ವಲ್ಪ ಬೆವರು, ಸ್ವಲ್ಪ ಹುರುಪು, ಅದೂ ನಿಜ.

ಆದರೆ ವಿಶ್ವ ಆರೋಗ್ಯ ಸಂಸ್ಥೆಯ ಕ್ಯಾನ್ಸರ್ ಸಂಶೋಧನಾ ಸಂಸ್ಥೆ 2004ರಲ್ಲಿ ಹೊಗೆಸೊಪ್ಪು ಇಲ್ಲದ ಅಡಿಕೆಯನ್ನೂ ಕ್ಯಾನ್ಸರ್ ತರುವ ವಸ್ತುಗಳ ಮೊದಲ ಗುಂಪಿಗೆ ಸೇರಿಸಿತು. ಹೊಗೆಸೊಪ್ಪಿನ ಜೊತೆ ಹಾಕುವ ಎಲೆಅಡಿಕೆಯ ವಿಷಯ ಅದಕ್ಕೂ ಮೊದಲೇ ಗೊತ್ತಿತ್ತು. ಅಡಿಕೆ ಜಾಸ್ತಿ ಅಗಿಯುವವರಿಗೆ ಕೆನ್ನೆಯ ಒಳಗಿನ ಚರ್ಮ ಗಡುಸಾಗುತ್ತದೆ. ಬರಬರುತ್ತಾ ಬಾಯಿ ತೆರೆಯುವುದೇ ಕಷ್ಟ. ಗಲ್ಲಾ ಮುಂದೆ ನಿಂತು ಮಾತಾಡುವಾಗ ಹಲ್ಲಿನ ಸಂದಿಯಿಂದಲೇ ಮಾತು ತೂರಿಸುವ ಹುಡುಗರನ್ನು ನಾನು ನೋಡಿದ್ದೇನೆ. ಅವರು ಅಜ್ಜಿಯ ಹಾಗೆ ಊಟಕ್ಕೊಂದು ಎಲೆ ಹಾಕಿದವರಲ್ಲ, ಇಡೀ ದಿನ ಪ್ಯಾಕೆಟ್ ಹರಿದವರು. ನಮ್ಮ ರಾಜ್ಯದಲ್ಲಿ ಗುಟ್ಕಾ ನಿಷೇಧ ಆಗಿದ್ದು 2013ರಲ್ಲಿ. ಅಡಿಕೆ ಒಂದು ಪ್ಯಾಕೆಟ್, ಹೊಗೆಸೊಪ್ಪು ಇನ್ನೊಂದು ಪ್ಯಾಕೆಟ್ ಮಾಡಿ ಮಾರುವವರಿಗೆ ಅದು ದೊಡ್ಡ ವಿಷಯವೇ ಆಗಲಿಲ್ಲ.

ತರೀಕೆರೆ ಕಡೆ ತೋಟ ಇರುವ ನಮ್ಮ ನೆಂಟರು ನಾನು ಹೀಗೆ ಹೇಳಿದರೆ ಕೆರಳುತ್ತಾರೆ. "ಅಡಿಕೆ ಕ್ಯಾನ್ಸರ್ ಅಂತೀಯಲ್ಲ, ನಿಮ್ಮಜ್ಜಿ ಎಷ್ಟು ವರ್ಷ ಬದುಕಿದ್ಲು?" ಅಂತ ಬಾಯಿ ಮುಚ್ಚಿಸುತ್ತಾರೆ. ತುಂಬಾ ವರ್ಷ ಬದುಕಿದ್ದರು, ಒಪ್ಪುತ್ತೇನೆ. ಮಲೆನಾಡಿನ ಎಷ್ಟು ಮನೆಗಳ ಒಲೆ ಅಡಿಕೆಯಿಂದ ಉರಿಯುತ್ತಿದೆ ಅನ್ನುವುದೂ ಗೊತ್ತು. ಆದರೆ ಜೀರ್ಣಕ್ಕೆ ಅಂತ ಕೇಳಿಕೊಂಡು ಬಂದವರಿಗೆ ನಾನು ಅಡಿಕೆ ಕೊಡುವುದಿಲ್ಲ. ತಾಂಬೂಲಕ್ಕೆ, ಪೂಜೆಗೆ ಕೇಳಿದರೆ ಆರಿಸಿ ಒಳ್ಳೆಯದೇ ಕೊಡುತ್ತೇನೆ. ಎಲೆ ಬೇಕೇ ಬೇಕು ಅನ್ನುವವರಿಗೆ ಬರೀ ಎಲೆ ಸಾಕು. ಒಂದು ಲವಂಗ, ಒಂದು ಏಲಕ್ಕಿ, ಅರಸೀಕೆರೆಯ ಕೊಬ್ಬರಿಯ ಒಂದು ತುಣುಕು. ಎಲೆಯ ಖಾರವೇ ಬಾಯಿಗೆ ಸಾಕಾಗುತ್ತದೆ. ಮದುವೆಮನೆಯಲ್ಲಿ ಈಗ ಕೊಡುವ ಬೀಡಾ, ಚೆರ್ರಿ ಚುಚ್ಚಿ ಬಣ್ಣದ ಪಪಾಯಿ ತುಂಬಿದ್ದು, ಅದು ಮಿಠಾಯಿ. ತಿನ್ನಿ, ಜೀರ್ಣದ ಹೆಸರು ಹೇಳಬೇಡಿ ಅಷ್ಟೇ.

ಹೋಟೆಲಿನ ಬಿಲ್ಲಿನ ಜೊತೆ ಬರುವ ಸೋಂಪಿನ ಬಗ್ಗೆ ಜಾಸ್ತಿ ಹೇಳುವುದಿಲ್ಲ. ಸೋಂಪು ಒಳ್ಳೆಯದು, ಓಂಕಾಳಿನ ಖಾರ ತಡೆಯದವರಿಗೆ ಇನ್ನೂ ಒಳ್ಳೆಯದು. ಆದರೆ ಗಿಳಿ ಹಸಿರು ಕಂಡರೆ ಅನುಮಾನ ಪಡಿ. ಒದ್ದೆ ಬಟ್ಟೆಯಲ್ಲಿ ತಿಕ್ಕಿ ನೋಡಿ, ಬಣ್ಣ ಹಾಕಿದ್ದರೆ ಬಟ್ಟೆಗೆ ಹತ್ತುತ್ತದೆ. ಮತ್ತೆ ಆ ಚಮಚ ಬಿಟ್ಟು ಒದ್ದೆ ಕೈಯನ್ನೇ ಬಟ್ಟಲಿಗೆ ಹಾಕುವ ಮಹಾನುಭಾವರು! ಇರಲಿ.

ಎದೆಯುರಿ ಬೇರೆ, ಹೊಟ್ಟೆ ಉಬ್ಬರ ಬೇರೆ. ಎದೆಯುರಿ ಇರುವವರು ಊಟ ಆದಮೇಲೆ ಪುದೀನ, ಪೆಪ್ಪರ್‌ಮಿಂಟ್ ಚೀಪುತ್ತಾರೆ, ತಂಪು ಅಂತ. ಅನ್ನನಾಳದ ಕೆಳಗಿನ ಬಾಗಿಲನ್ನು ಪುದೀನ ಸಡಿಲ ಮಾಡುತ್ತದೆ. ಹುಳಿ ಇನ್ನೂ ಮೇಲೆ ಬರುತ್ತದೆ. ಜೇಷ್ಠಮಧು ಸಿಹಿಯಾಗಿದೆ ಅಂತ ದಿನಾ ಅಗಿದರೆ ಬಿಪಿ ಏರುತ್ತದೆ. ಅದನ್ನು ಕೇಳುವವರಿಗೆ ಬಿಪಿ ಇದೆಯಾ ಅಂತ ಕೇಳಿಯೇ ತೂಗುತ್ತೇನೆ.

ಇನ್ನೊಂದು ಸಂಗತಿ ಇದೆ, ಅದಕ್ಕೆ ನನ್ನ ಅಂಗಡಿಯಲ್ಲಿ ಏನೂ ಇಲ್ಲ. 2025ರ ಮೇ, ಜೂನ್‌ನಲ್ಲಿ ಹಾಸನದ ಹೃದಯಾಘಾತದ ಸುದ್ದಿ ರಾಜ್ಯವೆಲ್ಲ ಓಡಾಡಿತು. ಸರ್ಕಾರ ತಜ್ಞರ ಸಮಿತಿಯನ್ನೂ ಮಾಡಿತು. ಅದಕ್ಕೆ ಮೊದಲು ಎದೆ ಹಿಡಿದರೆ ಎಲ್ಲರ ಬಾಯಲ್ಲೂ "ಗ್ಯಾಸ್ ಕಣ್ರೀ" ಅನ್ನುವುದೇ ಮಾತು. ಆ ಜೂನ್ ತಿಂಗಳಲ್ಲಿ ಬರೀ ತೇಗು ಬಂದವರೂ ಹೆದರಿಕೊಂಡು ಬರುತ್ತಿದ್ದರು. "ಶೆಟ್ರೆ, ಇದು ಗ್ಯಾಸಾ, ಹಾರ್ಟಾ?" ಅಂತ ನನ್ನನ್ನು ಕೇಳಿದರೆ ನಾನೇನು ಹೇಳಲಿ? ಎದೆ ಬಿಗಿತ, ಎಡಗೈಗೋ ದವಡೆಗೋ ಹರಿಯುವ ನೋವು, ತಣ್ಣನೆ ಬೆವರು, ನಡೆದರೆ ಜಾಸ್ತಿಯಾಗುವ ಸಂಕಟ, ಇವುಗಳಲ್ಲಿ ಒಂದಿದ್ದರೂ ಓಂಕಾಳು ಅಗಿಯುತ್ತಾ ಕೂರಬೇಡಿ. ನೇರ ಆಸ್ಪತ್ರೆಗೆ ಹೋಗಿ ಇಸಿಜಿ ಮಾಡಿಸಿ. ಅಂಥವರಿಗೆ ನಾನು ಪೊಟ್ಟಣ ಕಟ್ಟುವುದಿಲ್ಲ, ಆಟೋ ಕರೆಯುತ್ತೇನೆ.

ಕೊನೆಗೆ ನಮ್ಮ ಮನೆಯ ನೆಲ್ಲಿಕಾಯಿ ಅಡಿಕೆ. ಹೆಸರಲ್ಲಿ ಅಡಿಕೆ ಇದ್ದರೂ ಒಳಗೆ ಅಡಿಕೆ ಇಲ್ಲ. ಎಲೆಅಡಿಕೆ ಬಿಡಬೇಕು, ಬಾಯಿ ಸುಮ್ಮನಿರಲ್ಲ ಅನ್ನುವವರಿಗೆ ಇದನ್ನೇ ಹೇಳಿಕೊಡುತ್ತೇನೆ. ಅವರೆಕಾಯಿ ಬರುವ ಹೊತ್ತಿಗೇ ನೆಲ್ಲಿಕಾಯಿಯೂ ಬರುತ್ತದೆ. ಬೆಟ್ಟದ ನೆಲ್ಲಿ ಚಿಕ್ಕದು, ಒಗರು ಜಾಸ್ತಿ, ಇದಕ್ಕೆ ಅದೇ ಚೆನ್ನ. ಸಿಗದಿದ್ದರೆ ದಪ್ಪ ನೆಲ್ಲಿಕಾಯಿ ಆದೀತು. ತೊಳೆದು ಒರೆಸಿ, ನೀರಿನ ಪಸೆ ಇಲ್ಲದ ಹಾಗೆ ಮಾಡಿ ತುರಿಯುವುದು. ಬೆಟ್ಟದ ನೆಲ್ಲಿಯನ್ನು ತುರಿಯುವಾಗ ಬೆರಳು ಜೋಪಾನ, ಬೀಜ ಬೇಗ ಅಡ್ಡ ಬರುತ್ತದೆ. ತುರಿಗೆ ಉಪ್ಪು, ಕುಟ್ಟಿದ ಜೀರಿಗೆ, ಕಾಳುಮೆಣಸಿನ ಪುಡಿ, ಒಂದು ಚಿಟಿಕೆ ಇಂಗು, ಹಸಿಶುಂಠಿ ಜಜ್ಜಿ ಹಿಂಡಿದ ರಸ. ಎಲ್ಲಾ ಕಲಸಿ ಸ್ವಲ್ಪ ಹೊತ್ತು ಬಿಟ್ಟರೆ ನೀರು ಬಿಡುತ್ತದೆ. ಆ ನೀರನ್ನು ಚೆಲ್ಲಬಾರದು. ನಮ್ಮ ಮನೆಯವಳು ಅದನ್ನು ಮಜ್ಜಿಗೆಗೆ ಹಾಕುತ್ತಾಳೆ. ತುರಿಯನ್ನು ತೆಳ್ಳಗೆ ಹರಡಿ ಬಿಸಿಲಿಗೆ ಇಡಬೇಕು, ಸಂಜೆ ಇಬ್ಬನಿ ಬೀಳುವ ಮೊದಲು ಒಳಗೆ ತರಬೇಕು. ಹಾಸನದ ಚಳಿಗಾಲದ ಬಿಸಿಲು ನಂಬಿಕೆಗೆ ಅಲ್ಲ, ಒಂದೆರಡು ದಿನ ಜಾಸ್ತಿಯೇ ಹಿಡಿಯುತ್ತದೆ. ಕೈಯಲ್ಲಿ ಹಿಡಿದು ಮುರಿದರೆ ಪಟ್ ಅನ್ನಬೇಕು. ಬಗ್ಗಿದರೆ ಇನ್ನೂ ಒಣಗಬೇಕು ಅಂತ ಅರ್ಥ.

ಉಪ್ಪು ಇದೆ, ಬಿಪಿ ಇರುವವರು ಕಡಿಮೆ ಹಾಕಿಕೊಳ್ಳಿ. ಗಾಜಿನ ಡಬ್ಬಿಯಲ್ಲೇ ಇಡಿ. ಸಕಲೇಶಪುರ, ಮೂಡಿಗೆರೆ ಕಡೆಯವರು ಮಳೆಗಾಲಕ್ಕೆ ಮೊದಲೇ ತಿಂದು ಮುಗಿಸುವುದು ಒಳ್ಳೆಯದು. ಅಲ್ಲಿಯ ಜುಲೈ ತಿಂಗಳ ಶೀತಕ್ಕೆ ಎಂಥ ಮುಚ್ಚಳ ಹಾಕಿದರೂ ಬೂಷ್ಟು ಹಿಡಿಯುತ್ತದೆ.